ಪಾರ್ಕಿನ ಒಳಮೈ

ಅಕ್ಕ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ ಸದ್ದು ಕೇಳಿದ ಮೇಲೂ ಗುಂಡಿ ಕೂತಲ್ಲಿಂದ ಅಲ್ಲಾಡಲಿಲ್ಲ. ನೀರಿನ ಸದ್ದು ಬರಲಿ ಎಂದು ಕಾದಳು. ನೀರು ಬೀಳಲು ಶುರುವಾದ ಮೇಲೆ ಅದು ಒಮ್ಮೆ ನಿಂತು ಮತ್ತೆ ಬೀಳುವ ತನಕ ಎಷ್ಟು ಹೊತ್ತು ಸಿಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಾಗೆ ಗೊತ್ತಿದೆ ಎಂಬುದು ಮಾತ್ರ ಈ ಬೆಳಿಗ್ಗೆಯಷ್ಟೇ ಗೊತ್ತಾಗಿತ್ತು. ಒಂದೇ ಗೋಡೆಯ ಆಚೆ ಈಚೆ ಇಷ್ಟು ವರ್ಷ ಬದುಕಿದರೆ ಇಂಥದ್ದೆಲ್ಲ ತಾನಾಗಿಯೇ ಕಿವಿಗೆ ಅಂಟಿಕೊಂಡಿರುತ್ತದೆ, ಕದಿಯುವ ದಿನ ಬಂದಾಗ ಕೆಲಸಕ್ಕೆ ಬರುತ್ತದೆ. ಹೊಲಿಗೆ ಮಿಷನ್ನಿನ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ಅಕ್ಕನ ಚೀಲವನ್ನು ಅವಳು ಕೆಳಗಿಳಿಸಲಿಲ್ಲ. ಇಳಿಸಿದರೆ ಮತ್ತೆ ಅದೇ ಮಡಿಕೆಗೆ ತೂಗುಹಾಕುವುದು ಕಷ್ಟ. ಇದ್ದ ಹಾಗೆಯೇ ಬಾಯಿ ಅಗಲಿಸಿ ಕೈ ಇಳಿಬಿಟ್ಟಳು. ಅಳತೆ ಟೇಪು, ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಬಿಲ್ಲೆ, ಕರವಸ್ತ್ರ, ಅದರ ಅಡಿಯಲ್ಲಿ ಮಡಿಸಿದ ಕಾಗದ. ಬಿಡಿಸಿ ನೋಡಿದರೆ ಅದು ಊರ ನಡುವಿನ ದೊಡ್ಡ ಪಾರ್ಕಿನ ನಕ್ಷೆ. ಹಸಿರು ಬಣ್ಣ, ಹುಳ ಹರಿದಂತೆ ಕಾಲುದಾರಿಗಳು, ನಡುವೆ ನೀಲಿ ಕೆರೆ. ನಕ್ಷೆಯ ಮೇಲೆ ಒಂದು ಗೀರೂ ಇಲ್ಲ. ತಿರುಗಿಸಿದಳು. ಹಿಂಬದಿಯಲ್ಲಿ ಅದು ಮಾಡಬೇಡಿ ಇದು ಕೀಳಬೇಡಿ ಎಂದು ಪಾರ್ಕಿನ ನಿಯಮಗಳು, ಆ ಅಕ್ಷರಗಳ ಮೇಲೆ, ಬಲಗಡೆ ಮೇಲಿನ ಮೂಲೆಯಲ್ಲಿ, ನೀಲಿ ಸುಣ್ಣದಲ್ಲಿ ಎರಡು ಗೆರೆ ಅಡ್ಡಹಾಯಿಸಿದ ಒಂದು ಪುಟ್ಟ ಕತ್ತರಿ ಗುರುತು. ಅಕ್ಕನದೇ. ಬಟ್ಟೆಯ ಹೊರಮೈಗೆ ಅಕ್ಕ ಯಾವತ್ತೂ ಸುಣ್ಣ ತಾಗಿಸಿದವಳಲ್ಲ. ಗುರುತು ಏನಿದ್ದರೂ ಒಳಮೈಗೆ, ತೊಟ್ಟವರಿಗೂ ಕಾಣಬಾರದು. ಕಾಗದದ ಮೇಲೂ ಅದೇ ಬುದ್ಧಿ. ನೀರು ನಿಂತು ಮತ್ತೆ ಶುರುವಾಯಿತು. ಗುಂಡಿ ಕಾಗದವನ್ನು ಮಡಿಕೆಯಂತೆ ಮಡಿಸಿ ಕರವಸ್ತ್ರದ ಕೆಳಗೆ ತೂರಿಸಿ ತನ್ನ ಸ್ಟೂಲಿಗೆ ಬಂದು ಕೂತು, ಯಾರದೋ ಕೋಟಿಗೆ ಗುಂಡಿ ಹಚ್ಚತೊಡಗಿದಳು. ಸೂಜಿ ಹೆಬ್ಬೆರಳಿಗೆ ಚುಚ್ಚಿತು. ಮೇಲೆ, ಬಲಗಡೆ, ಎಂದುಕೊಂಡಳು. ಮೇಲೆ, ಬಲಗಡೆ.

ಸುಮ್ಮನೆ ತಿರುಗಾಡುವವರಿಗೆ ನಕ್ಷೆ ಯಾಕೆ ಬೇಕು? ನಕ್ಷೆ ಬೇಕಾಗುವುದು ಒಂದು ಜಾಗಕ್ಕೆ ತಪ್ಪದೆ ಹೋಗಿ ಸೇರಬೇಕಾದವರಿಗೆ, ಅಲ್ಲಿ ಯಾರಾದರೂ ಕಾಯುತ್ತಿರುವಾಗ. ಮನೆಯ ಮುಂಗೋಣೆಯೇ ಅವರ ಹೊಲಿಗೆ ಅಂಗಡಿ, ಗುರುವಾರ ಮಧ್ಯಾಹ್ನದ ಮೇಲೆ ಅದಕ್ಕೆ ರಜೆ. ಲೈನಿಂಗ್ ಬಟ್ಟೆ ತರಬೇಕು, ಸಗಟು ಅಂಗಡಿಗೆ ಹೋಗಿಬರ್ತೀನಿ ಎಂದು ಅಕ್ಕ ಹೊರಡುವುದು ಯಾವಾಗ ಶುರುವಾಯಿತೋ ಗುಂಡಿಗೆ ನೆನಪಿಲ್ಲ. ಅದನ್ನು ನಂಬುವುದು ಯಾವಾಗ ನಿಂತಿತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಪಕ್ಕದ ಇಸ್ತ್ರಿ ಅಂಗಡಿಯಾಕೆ ಬಾಗಿಲಿಗೆ ಒರಗಿ ಕೇಳಿದ್ದಳು, "ಏನೇ ಗುಂಡಿ, ನಿಮ್ಮಕ್ಕ ಗುರುವಾರ ಗುರುವಾರ ಎಲ್ಲಿಗೇ ಹೋಗೋದು? ವಾಪಸ್ಸು ಬರುವಾಗ ಮುಖ ಇಸ್ತ್ರಿ ಮಾಡಿದ ಹಾಗಿರುತ್ತೆ, ಒಂದು ಸುಕ್ಕಿಲ್ಲ! ನನ್ನ ಪೆಟ್ಟಿಗೇಲೂ ಅಷ್ಟು ಬಿಸಿ ಇಲ್ಲ ಕಣೇ." ಹೇಳಿ ತನ್ನ ಮಾತಿಗೆ ತಾನೇ ನಕ್ಕಳು. ಗುಂಡಿ ನಗಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಉತ್ತರ ಕೊಡದಿರುವುದು ಅವಳ ಕಸುಬು. ಅಂಗಡಿಗೆ ಬಂದವರ ಜೊತೆ ಮಾತು, ಚೌಕಾಸಿ, ಅಳತೆ, ಜಗಳ ಎಲ್ಲ ಅಕ್ಕನದು. ಗುಂಡಿ ಹಚ್ಚುವುದು, ಕಾಜ ಹೊಲಿಯುವುದು, ಅಂಚು ಮಡಿಸುವುದು, ತಲೆ ತಗ್ಗಿಸಿ ಕೂರುವುದು ಇವಳದು. ಅದರಿಂದಲೇ ಬಂದ ಹೆಸರು. ಆದರೆ ಆ ದಿನದಿಂದ ಇಸ್ತ್ರಿ ಅಂಗಡಿಯಾಕೆಯ ಕಣ್ಣನ್ನು ಎರವಲು ತೆಗೆದುಕೊಂಡ ಹಾಗಾಯಿತು. ಸಗಟು ಅಂಗಡಿಯದು ಎಂದು ಅಕ್ಕ ತಂದ ದಾರದ ಉಂಡೆಗಳ ಬುಡದಲ್ಲಿ ಹಿಂದಿನ ಬೀದಿಯ ಸಣ್ಣ ಅಂಗಡಿಯ ಚೀಟಿ ಅಂಟಿತ್ತು. ಅಕ್ಕನ ಬಟ್ಟೆಯ ಅಂಚಿಗೆ ಹುಲ್ಲಿನ ಮುಳ್ಳುಬೀಜಗಳು ಕಚ್ಚಿಕೊಂಡಿದ್ದವು. ಒಗೆಯುವ ಮುಂಚೆ ಅವನ್ನು ಒಂದೊಂದಾಗಿ ಬಿಡಿಸಿದವಳು ಗುಂಡಿಯೇ. ಹಿಂದೊಮ್ಮೆ ಅಕ್ಕನನ್ನು ಕೇಳಿಕೊಂಡು ಒಂದು ಸಂಬಂಧ ಬಂದಿತ್ತು. ಬಂದವರು ಗೋಡೆಯಾಚೆಗೆ ಕೇಳಿಸದ ಹಾಗೆ ಎಂದುಕೊಂಡು "ತಂಗೀನೂ ಜೊತೆಗೇನಾ?" ಎಂದು ಕೇಳಿದ್ದರು. ಅಕ್ಕ ಏನು ಹೇಳಿದಳೋ, ಅವರು ಮತ್ತೆ ಬರಲಿಲ್ಲ. ಆ ರಾತ್ರಿ ಗುಂಡಿಗೆ ಎಷ್ಟು ಸಂತೋಷವಾಗಿತ್ತೆಂದರೆ ಹೊದಿಕೆ ಬಾಯಿಗೆ ತುರುಕಿಕೊಂಡು ಮಲಗಿದ್ದಳು. ಅಂಥ ಸಂತೋಷ ಪಟ್ಟವಳಿಗೆ ಶಿಕ್ಷೆ ಬರದೆ ಇರುತ್ತದೆಯೇ? ಅದೇ ಈಗ ಬರುತ್ತಿದೆ, ಗುರುವಾರ ಗುರುವಾರ, ಸ್ವಲ್ಪ ಸ್ವಲ್ಪವೇ. ಒಂದು ದಿನ ಅಕ್ಕ ಹೋದವಳು ಬರುವುದಿಲ್ಲ. ಅಂಗಡಿ ಬಾಗಿಲಿಗೆ ಯಾರೋ ಬಂದು ನಿಂತು ಏನೋ ಕೇಳುತ್ತಾರೆ, ಇವಳು ಬಾಯಿ ತೆರೆಯುತ್ತಾಳೆ, ಏನೂ ಹೊರಬರುವುದಿಲ್ಲ.

ಅಂದೂ ಗುರುವಾರವೇ. ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟು ಅಕ್ಕ ತಲೆ ಬಾಚಿಕೊಂಡಳು. ಕನ್ನಡಿಯ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ನಿಂತಳೇ? ಇಲ್ಲ. ಹೆಚ್ಚು ಹೊತ್ತು ನಿಲ್ಲದಿರುವುದೂ ಒಂದು ಜಾಣತನವೇ.

"ಎಲ್ಲಿಗೆ?" ಎಂದಳು ಗುಂಡಿ.

"ಎಲ್ಲಿಗೆ ಅಂದ್ರೆ? ಲೈನಿಂಗ್ ತರೋಕೆ. ಪ್ರತಿ ಸಲ ಇದೊಂದು ವಿಚಾರಣೆ ನಿಂದು."

"ನಾನೂ ಬರ್ಲಾ?"

ಅಕ್ಕನ ಬಾಚಣಿಗೆ ಕೂದಲಿನ ನಡುವೆ ನಿಂತಿತು. "ಬಸ್ಸಲ್ಲಿ ನಿಂಗೆ ವಾಂತಿ ಬರುತ್ತೆ. ಆ ಕೋಟಿನವನು ನಾಳೆ ಬೆಳಿಗ್ಗೆಯೇ ಬರ್ತಾನೆ, ಮುಗಿಸಿಡು. ಹಸಿವಾದ್ರೆ ಡಬ್ಬೀಲಿ ಬ್ರೆಡ್ ಇದೆ. ಯಾರಾದ್ರೂ ಬಾಗಿಲು ತಟ್ಟಿದ್ರೆ—"

"ಅಕ್ಕ ಇಲ್ಲ ಅಂತೀನಿ."

"ಅಷ್ಟಾದ್ರೂ ಹೇಳು ಮಹಾರಾಯ್ತಿ, ಹೋದ ಸಲ ಮೇಜಿನ ಕೆಳಗೆ ಕೂತ್ಕೊಂಡಿದ್ದೆ." ಅಕ್ಕ ನಕ್ಕು ಅವಳ ತಲೆಯ ಮೇಲೆ ಒಂದು ಮೊಟಕಿ ಹೋದಳು. ಆ ಮೊಟಕಿನಲ್ಲಿ ಪ್ರೀತಿಯಿತ್ತು. ಪ್ರೀತಿ ಯಾಕಿತ್ತು ಎಂದು ಗುಂಡಿ ಬಹಳ ಹೊತ್ತು ಯೋಚಿಸಿದಳು. ತಪ್ಪು ಮಾಡಲು ಹೊರಟವರ ಕೈ ಹೀಗೇ ಮೆತ್ತಗಿರುತ್ತದೆ.

ಅಂಗಡಿಗೆ ಬೀಗ ಹಾಕುವಾಗ ಬೀದಿಯೆಲ್ಲ ತನ್ನನ್ನೇ ನೋಡುತ್ತಿದೆ ಎನ್ನಿಸಿತು. ಇಸ್ತ್ರಿ ಅಂಗಡಿಯ ಪರದೆ ಸ್ವಲ್ಪ ಸರಿದಿತ್ತು; ಗಾಳಿ ಇರಲಿಲ್ಲ. ಪಾರ್ಕಿಗೆ ಅವಳು ಮೊದಲು ಬಂದಿದ್ದು ಅಕ್ಕನ ಕೈ ಹಿಡಿದುಕೊಂಡು, ಕೈ ಹಿಡಿದುಕೊಳ್ಳುವ ವಯಸ್ಸಿನಲ್ಲಿ. ಆಗ ಅದಕ್ಕೆ ಗೇಟಿತ್ತು, ಬಾತುಕೋಳಿಗಳಿದ್ದವು, ಅಷ್ಟೇ. ಈಗ ಗೇಟಿನ ಒಳಗೆ ಬಾಗಿಲಿನಷ್ಟು ದೊಡ್ಡ ಹಲಗೆ ನಿಂತಿತ್ತು, ಅದರ ಮೇಲೆ ಇಡೀ ಪಾರ್ಕು. ನೀವು ಇಲ್ಲಿದ್ದೀರಿ ಎಂದು ಬರೆದು ಬಾಣ ಹಾಕಿದ್ದರು. ಬಾಣದ ತುದಿಯಲ್ಲಿ ಕೆಂಪು ಚುಕ್ಕೆ ಇದ್ದಿರಬೇಕು. ಬಂದವರೆಲ್ಲ ಬೆರಳಿಟ್ಟು ಬೆರಳಿಟ್ಟು ಆ ಜಾಗ ಸವೆದು ಬೆಳ್ಳಗೆ ತೂತಿನ ಹಾಗಾಗಿತ್ತು. ನೀವು ಇಲ್ಲಿದ್ದೀರಿ, ಅಲ್ಲಿ ಮಾತ್ರ ಏನೂ ಇಲ್ಲ. ಅವಳಿಗೆ ಶಾಲೆಯ ಹಲಗೆ ನೆನಪಾಯಿತು. ಬಾಗುವ ಬೆತ್ತದ ಮೇಷ್ಟರು ಇವಳನ್ನೇ ಎಬ್ಬಿಸಿ ನದಿ ತೋರಿಸು ಅಂದಿದ್ದರು. ನಕ್ಷೆಯ ಮೇಲೆ ನೀಲಿಯೋ ಕಪ್ಪೋ ಯಾವುದೋ ಒಂದು ಗೆರೆಯನ್ನು ಹಿಡಿದು ಇವಳ ಬೆರಳು ಹೊರಟಿತು, ಅಂಕುಡೊಂಕಾಗಿ, ಬಹಳ ದೂರ, ಪೂರ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರಿತು. "ಭೇಷ್! ದೇಶದ ಗಡಿಯಲ್ಲಿ ನೀರು ಹರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿ" ಎಂದರು ಮೇಷ್ಟರು. ತಟ್ಟಿದರು. ಮರುವರ್ಷ ಅಕ್ಕನಿಗೆ ಅಂಗಡಿಯಲ್ಲಿ ಒಂದು ಕೈ ಬೇಕಾಯಿತು ಎನ್ನುವುದು ಶಾಲೆ ಬಿಟ್ಟದ್ದಕ್ಕೆ ಎಲ್ಲರೂ ಹೇಳುವ ಕಾರಣ. ಆ ಚಪ್ಪಾಳೆಯ ವಿಷಯ ಅವಳು ಯಾರಿಗೂ ಹೇಳಿಲ್ಲ.

ನಕ್ಷೆ ಮಾರುವ ಗೂಡಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಉಣ್ಣೆ ಹೆಣೆಯುತ್ತ ಕೂತಿದ್ದಳು. ಗುಂಡಿ ಅವಳ ಮುಂದೆ ನಿಂತಳು. ಹೆಣಿಗೆಯಲ್ಲಿ ಒಂದು ಕಣ್ಣಿ ಬಿಟ್ಟುಹೋಗಿದೆ, ಹೇಳಬೇಕೋ ಬೇಡವೋ ಎಂಬ ಯೋಚನೆಯಲ್ಲಿ ಕೇಳಬೇಕಾದದ್ದು ಮರೆಯಿತು.

"ಏನಮ್ಮಾ, ನನ್ನ ನೋಡೋಕೆ ಟಿಕೆಟ್ಟಿಲ್ಲ. ಏನು ಬೇಕು ಹೇಳು."

"ಮ್ಯಾಪು."

"ಹೊಸದು ಖಾಲಿ. ಹಳೇದಿದೆ, ಸುಮ್ಮನೆ ತಗೊಂಡು ಹೋಗು. ಒಂದೆರಡು ದಾರಿ ಆಮೇಲೆ ಮುಚ್ಚಿದ್ದಾರೆ, ಆದ್ರೂ ಮರಗಳು ಎಲ್ಲಿಗೂ ಓಡಿಹೋಗಿಲ್ಲ. ಎಲ್ಲಿಗೆ ಹೋಗ್ಬೇಕು ನಿಂಗೆ?"

ಇವಳಿಗೆ ಯಾಕೆ ಬೇಕು, ಅನ್ನಿಸಿತು ಗುಂಡಿಗೆ. ಬಹುಶಃ ಅಕ್ಕನನ್ನೂ ಹೀಗೇ ಕೇಳಿರುತ್ತಾಳೆ. ಬಹುಶಃ ಎಲ್ಲ ಗೊತ್ತಿದೆ ಇವಳಿಗೆ, ಯಾವ ಹೆಂಗಸು ಯಾವ ಮೂಲೆಗೆ, ಯಾರ ಹಿಂದೆ. "ಎಲ್ಲೂ ಇಲ್ಲ" ಎಂದಳು.

"ಎಲ್ಲೂ ಇಲ್ಲಕ್ಕೆ ಹೋಗೋದಾದ್ರೆ ಕೆರೆ ಸುತ್ತಿ ಹೋಗು, ಅದೇ ಚಂದ. ಮತ್ತೆ ಅದನ್ನ ತಲೆಕೆಳಗೆ ಹಿಡ್ಕೊಂಡಿದ್ದೀಯ ನೋಡು."

ಕಿವಿಯ ತನಕ ಬಿಸಿಯೇರಿತು. ಮರದ ಮರೆಗೆ ಹೋಗಿ, ಮಂಡಿಯ ಮೇಲೆ ನಕ್ಷೆ ಹರಡಿ, ಮೇಲೆ ಬಲಗಡೆ ಎಂದು ಹೇಳಿಕೊಳ್ಳುತ್ತ ಪೆನ್ಸಿಲಿನಿಂದ ಕತ್ತರಿ ಗುರುತು ಹಾಕಿದಳು. ಅಲ್ಲಿ ಗಾಜಿನ ಮನೆ ಎಂದು ಬರೆದಿತ್ತು. ಗಾಜಿನ ಮನೆ! ಒಳಗಿದ್ದವರಿಗೆ ಹೊರಗೆ ಬರುವವರು ದೂರದಿಂದಲೇ ಕಾಣುತ್ತಾರೆ. ಎಲ್ಲ ಯೋಚಿಸಿಯೇ ಆರಿಸಿದ್ದಾರೆ. ಮೊದಮೊದಲು ಬೆರಳನ್ನು ದಾರಿಯ ಮೇಲೆ ಇಟ್ಟುಕೊಂಡು ಕಾಲನ್ನು ಅದರ ಹಿಂದೆ ನಡೆಸಿದಳು. ಕಾಗದದಲ್ಲಿ ಬೆರಳಿನ ಅರ್ಧ ಉಗುರು ಸರಿಯುವಷ್ಟರಲ್ಲಿ ಕಾಲಿಗೆ ಸಾಕುಸಾಕಾಗುತ್ತಿತ್ತು. ಬಲಕ್ಕೆ ತಿರುಗಬೇಕಾದ ಕಡೆ ಮುಳ್ಳುತಂತಿ ಹಾಕಿದ್ದರು, ತಂತಿಯಾಚೆ ದಾರಿ ಹುಲ್ಲಿನಲ್ಲಿ ಮುಳುಗಿತ್ತು. ಸುತ್ತಿ ಹೋದರೆ ಬೇರೆ ಯಾವುದೋ ಸೇತುವೆ. ನಕ್ಷೆಯಲ್ಲಿ ಸೇತುವೆ ಇದೆ, ಆದರೆ ಅದು ಇದೇಯೋ ಅಲ್ಲವೋ. ನಕ್ಷೆಯನ್ನು ತಾನು ನಡೆಯುವ ದಿಕ್ಕಿಗೆ ತಿರುಗಿಸಿಕೊಂಡರೆ ಅಕ್ಷರಗಳು ಮಗುಚಿಕೊಳ್ಳುತ್ತವೆ, ಅಕ್ಷರ ನೆಟ್ಟಗೆ ಹಿಡಿದರೆ ತಾನೇ ಹಿಮ್ಮುಖವಾಗಿ ನಡೆದಂತಾಗುತ್ತದೆ. ಹಲಗೆಯ ಮೇಲೆ ನಾಯಿಗೆ ಸರಪಳಿ ಕಡ್ಡಾಯ ಎಂದಿತ್ತು, ಸರಪಳಿಯಿಲ್ಲದ ಒಂದು ನಾಯಿ ಅದನ್ನೇ ಮೂಸುತ್ತಿತ್ತು. ಬೆಂಚಿನ ಮೇಲೆ ಗಂಡಸೊಬ್ಬ ಪತ್ರಿಕೆ ಅಗಲಿಸಿ ಕೂತಿದ್ದ, ಪುಟ ತಿರುಗಿಸುತ್ತಿರಲಿಲ್ಲ. ಇಬ್ಬರು ಹೆಂಗಸರು ಇವಳನ್ನು ದಾಟುವಾಗ ಮಾತು ನಿಲ್ಲಿಸಿ, ದಾಟಿದ ಮೇಲೆ ಮುಂದುವರಿಸಿದರು. ಇಷ್ಟು ದೊಡ್ಡ ಜಾಗವನ್ನು ಊರ ನಡುವೆ ಖಾಲಿ ಬಿಟ್ಟಿರುವುದೇ ಯಾಕೆ, ಎಲ್ಲರೂ ಮನೆಯವರಿಂದ ಏನನ್ನಾದರೂ ಮುಚ್ಚಿಡಲಿ ಎಂದಲ್ಲವೇ? ಹಾಗೆನ್ನಿಸಿದ ಕೂಡಲೇ ತಾನೂ ಈಗ ಅವರಲ್ಲಿ ಒಬ್ಬಳು ಎಂಬುದು ಹೊಳೆದು ಹೆಜ್ಜೆ ಜೋರು ಮಾಡಿದಳು.

ಗಾಜಿನ ಮನೆ ಗಾಜು ಒಡೆದು ಪಾಳುಬಿದ್ದಿತ್ತು. ಅದರ ಮುಂದೆ ಬಿಸಿಲಿಗೆ ಕಾದ ಒಂದೇ ಒಂದು ಬೆಂಚು. ಬೆಂಚಿನ ಮೇಲೆ ಅವನು. ಗುಂಡಿ ಮರದ ಹಿಂದೆ ನಿಂತಳು. ಇವನೇ. ಕೋಟನ್ನು ಮಡಿಸಿ ಪಕ್ಕಕ್ಕಿಟ್ಟುಕೊಂಡಿದ್ದ, ಅಕ್ಕನಿಗೆ ಜಾಗ ಹಿಡಿದಿಟ್ಟ ಹಾಗೆ. ಮೈ ದಪ್ಪ, ನೆತ್ತಿ ಬೋಳು, ಅಂಗಿಯ ಕಾಲರು ಸವೆದು ತಿರುಗಿಸಿ ಹೊಲಿದದ್ದು, ಚೆನ್ನಾಗಿ ಹೊಲಿದಿಲ್ಲ, ಅಕ್ಕನ ಕೈಯಲ್ಲ. ಎರಡನೆಯ ಗುಂಡಿಯ ದಾರದ ಬಣ್ಣ ಬೇರೆ. ಇಂಥವನಿಗಾಗಿಯಾ? ಮತ್ತೆ ಮತ್ತೆ ದಾರಿಯ ಎರಡೂ ಕಡೆಗೆ ನೋಡುತ್ತಿದ್ದ. ಕಾಯುವವನ ಕುತ್ತಿಗೆ. ಇವಳಿಗೆ ಅವನ ಮೇಲೆ ಎಷ್ಟು ದ್ವೇಷ ಉಕ್ಕಿತೆಂದರೆ ಅದರ ಜೊತೆಗೆ ಒಂದು ಬಗೆಯ ನೆಮ್ಮದಿಯೂ ಬಂತು: ಕೊನೆಗೂ ಒಂದು ಮುಖ ಸಿಕ್ಕಿತು. ಮುಖ ಇದ್ದರೆ ಜಗಳವಾಡಬಹುದು. ಕಾಲ ಕೆಳಗೆ ಕಡ್ಡಿ ಮುರಿಯಿತು. ಅವನು ಎದ್ದುನಿಂತ, ಕೈಯಲ್ಲಿದ್ದ ಏನನ್ನೋ ಬೆನ್ನ ಹಿಂದೆ ಮರೆಸಿದ, ಬೆನ್ನ ಹಿಂದಿನಿಂದ ಹೊಗೆ ಎದ್ದಿತು.

"ಅವಳೇ ಕಳಿಸಿದ್ದಾ ನಿಮ್ಮನ್ನ?" ಎಂದ.

ಗುಂಡಿ ಮರದ ಮರೆಯಿಂದ ಈಚೆ ಬಂದಳು. "ಯಾರು?"

"ಯಾರು ಅಂದ್ರೆ? ನನ್ನ ಹೆಂಡ್ತಿ. ಆಗಿಂದ ನೋಡ್ತಿದ್ದೀನಿ, ಮರದ ಹಿಂದೆ ನಿಂತು ಲೆಕ್ಕ ಹಾಕ್ತಿದ್ದೀರಿ. ನೋಡಿ ತಂಗಿ, ವಾರಕ್ಕೆ ಒಂದು. ಒಂದೇ ಒಂದು. ಬಿಟ್ಟೇಬಿಟ್ಟಿದ್ದೀನಿ ಅಂತ ನಂಬಿದ್ದಾಳೆ, ಪಾಪ, ನೆಮ್ಮದಿಯಾಗಿದ್ದಾಳೆ. ಅವಳ ನೆಮ್ಮದಿ ಕೆಡಿಸಿ ನಿಮಗೇನು ಸಿಗುತ್ತೆ?"

"ನಂಗೆ ನಿಮ್ಮ ಹೆಂಡ್ತಿ ಗೊತ್ತಿಲ್ಲ."

"ಎಲ್ಲರೂ ಹಾಗೇ ಅಂತಾರೆ. ಅವಳ ಅಣ್ಣನೂ ಹಾಗೇ ಅಂದಿದ್ದ." ಆದರೂ ಅವನ ಭುಜ ಇಳಿಯಿತು. ಬೆನ್ನ ಹಿಂದಿನಿಂದ ಸಿಗರೇಟು ತೆಗೆದು ಅಪರಾಧಿಯಂತೆ ಒಂದು ಸಲ ಎಳೆದ. "ಮತ್ತೆ ಯಾರನ್ನ ಹುಡುಕ್ತಿದ್ದೀರಿ? ಮ್ಯಾಪ್ ಬೇರೆ. ಕೊಡಿ ಇಲ್ಲಿ, ಈ ಪಾರ್ಕು ನಂಗೆ ಅಂಗೈ ಇದ್ದ ಹಾಗೆ. ಹೆಂಡ್ತಿ ಇದ್ದವರಿಗೆಲ್ಲ ಗೊತ್ತಿರುತ್ತೆ."

ಅವನು ನಕ್ಷೆ ತೆಗೆದುಕೊಂಡು ಮುಖದ ಮುಂದೆ ಎತ್ತಿ ಹಿಡಿದ. ಅವನ ಬೆನ್ನಿಗೆ ಬಿಸಿಲಿತ್ತು. ಎದುರಿಗೆ ನಿಂತ ಗುಂಡಿಗೆ ಕಾಣುತ್ತಿದ್ದದ್ದು ನಿಯಮಗಳ ಬದಿ. ಅದು ಮಾಡಬೇಡಿ ಇದು ಕೀಳಬೇಡಿ ಎಂಬ ಅಕ್ಷರಗಳ ಹಿಂದಿನಿಂದ ಕೆರೆ, ದಾರಿಗಳು, ಎಲ್ಲ ಬೆಳಕಿನಲ್ಲಿ ತೇಲಿಬಂದಿದ್ದವು, ಮಗುಚಿಕೊಂಡು. ತಾನು ಹಾಕಿದ ಪೆನ್ಸಿಲ್ ಗುರುತೂ ಕಂಡಿತು. ಅದು ಅಕ್ಷರಗಳ ಎಡಕ್ಕಿತ್ತು. ಅಕ್ಕನ ಸುಣ್ಣ ಅಕ್ಷರಗಳ ಬಲಕ್ಕಿತ್ತು. ಒಂದು ಕ್ಷಣ ಅರ್ಥವಾಗಲಿಲ್ಲ, ಅರ್ಥವಾದಾಗ ನೆಲ ತಿರುಗಿ ನಿಂತ ಹಾಗಾಯಿತು: ಹಿಂಬದಿಯ ಬಲ ನಕ್ಷೆಯ ಬದಿಗೆ ಎಡ. ಹೊಲಿಗೆ ಕಲಿಯಲು ಕೂತ ಹೊಸದರಲ್ಲಿ ಅಕ್ಕ ಅವಳಿಗೆ ಒಂದು ಅಂಗಿಯ ತೋಳು ಕತ್ತರಿಸಲು ಕೊಟ್ಟಿದ್ದಳು. ಒಂದನ್ನು ಕತ್ತರಿಸಿ, ಅದನ್ನೇ ಬಟ್ಟೆಯ ಮೇಲೆ ಹಾಗೇ ಇಟ್ಟು ಇನ್ನೊಂದನ್ನು ಕತ್ತರಿಸಿದ್ದಳು. ಎರಡೂ ಎಡತೋಳು. ಮಗುಚಿ ಇಡಬೇಕು ಎಂಬುದು ಹೊಳೆಯಲೇ ಇಲ್ಲ. ಬೆಲೆಬಾಳುವ ಬಟ್ಟೆ, ಗಿರಾಕಿಯದು. ಅಕ್ಕ ಬೈಯಲಿಲ್ಲ. ಎರಡು ತೋಳುಗಳನ್ನೂ ತನ್ನ ಎರಡು ಕೈಗೆ ಏರಿಸಿಕೊಂಡು, ಒಂದು ಕೈ ಹಿಂದಕ್ಕೆ ತಿರುಚಿಕೊಂಡು ಕುಂಟುತ್ತ ಕೋಣೆಯೆಲ್ಲ ನಡೆದು ನಗಿಸಿದ್ದಳು. ಆಮೇಲೆ ಕತ್ತರಿಯನ್ನು ಇವಳ ಕೈಗೆ ಕೊಡಲಿಲ್ಲ, ಅಷ್ಟೇ.

"ಎಡಗಡೆ ಮೂಲೇಲಿ ಏನಿದೆ?" ಎಂದು ಕೇಳಿದಳು. ತನ್ನ ದನಿ ತನಗೇ ಜೋರಾಗಿ ಕೇಳಿಸಿತು.

"ಎಡಗಡೆ? ಏನೂ ಇಲ್ಲ. ಹಳೇ ನೀರಿನ ಪಂಪುಮನೆ, ಅದರ ಹಿಂದೆ ಒಂದು ಗೋಡೆ. ಅಲ್ಲಿಗೆ ಯಾರು ಹೋಗ್ತಾರೆ?" ನಕ್ಷೆ ವಾಪಸ್ಸು ಕೊಡುತ್ತ ದನಿ ತಗ್ಗಿಸಿದ. "ನನ್ನ ನೋಡಿಲ್ಲ ನೀವು."

"ನೀವೂ."

ಪಾರ್ಕನ್ನು ಅಡ್ಡಕ್ಕೆ ದಾಟುವಾಗ ಅವಳು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು. ಲೈನಿಂಗ್ ಸಿಕ್ತಾ ಅಕ್ಕಾ? ಇಲ್ಲ, ಅದು ತೀರಾ ಸಿನಿಮಾದ ಹಾಗಿದೆ. ಸುಮ್ಮನೆ ಎದುರಿಗೆ ಹೋಗಿ ನಿಂತುಬಿಡುವುದು. ಅವನು ಯಾರೇ ಆಗಿರಲಿ, ಎದ್ದುಹೋಗುವ ತನಕ ನಿಲ್ಲುವುದು. ನಿಲ್ಲುವುದರಲ್ಲಿ ತನ್ನನ್ನು ಯಾರೂ ಮೀರಿಸಲಾರರು. ಅಕ್ಕ ಅಳಬಹುದು. ಅತ್ತರೆ ತಾನೂ ಅಳಬೇಕಾಗುತ್ತದೆ, ಆಗ ಇಬ್ಬರೂ ಮನೆಗೆ ಬಂದು ಮುಖ ತೊಳೆದುಕೊಂಡು ಬ್ರೆಡ್ ತಿನ್ನುತ್ತಾರೆ, ಎಲ್ಲ ಮೊದಲಿನ ಹಾಗಾಗುತ್ತದೆ. ತಾನು ಬಯಸುತ್ತಿರುವುದು ಅಕ್ಕ ಸಿಕ್ಕಿಬೀಳಲಿ ಎಂದು, ಸಿಕ್ಕಿಬಿದ್ದವಳು ಜೀವಮಾನವಿಡೀ ತನಗೆ ಸಾಲಗಾರಳಂತೆ ತಲೆ ತಗ್ಗಿಸಿಕೊಂಡು ಇರಲಿ ಎಂದು; ಇದು ಕಂಡಾಗ ಅವಳ ಹೆಜ್ಜೆ ತಡವರಿಸಿತು, ಆದರೆ ನಿಲ್ಲಲಿಲ್ಲ. ಕೆರೆಯ ಈ ದಂಡೆಯಲ್ಲಿ ನಕ್ಷೆ ಸರಿಯಾಗಿ ಮಾತು ಕೇಳತೊಡಗಿತ್ತು. ತಿರುವು ಇರಬೇಕಾದಲ್ಲಿ ತಿರುವು, ಮೆಟ್ಟಿಲು ಇರಬೇಕಾದಲ್ಲಿ ಮೆಟ್ಟಿಲು. ಅದೂ ಒಳ್ಳೆಯ ಲಕ್ಷಣವೆನ್ನಿಸಲಿಲ್ಲ ಅವಳಿಗೆ.

ಪಂಪುಮನೆಯ ಬಾಗಿಲಿಗೆ ಹಲಗೆ ಜಡಿದಿದ್ದರು. ಅದರ ಮಗ್ಗುಲಲ್ಲಿ ಮುಳ್ಳುಬೀಜದ ಹುಲ್ಲಿನ ನಡುವೆ ಒಬ್ಬರೇ ನಡೆಯುವಷ್ಟು ಸವೆದ ದಾರಿ; ಅದು ನಕ್ಷೆಯಲ್ಲಿ ಇರಲಿಲ್ಲ. ದಾರಿಯ ಕೊನೆಗೆ ಒಂದು ಬೆಂಚು, ಬೆಂಚಿನ ಮೇಲೆ ಅಕ್ಕ.

ಪಕ್ಕದಲ್ಲಿ ಯಾರೂ ಇರಲಿಲ್ಲ. ಗುಂಡಿ ಕಾದಳು. ಬರುತ್ತಾನೆ, ತಡವಾಗಿದೆ ಅವನಿಗೆ. ಆದರೆ ಅಕ್ಕ ಕಾಯುತ್ತಿರಲಿಲ್ಲ. ಬಿಚ್ಚಿದ ಚಪ್ಪಲಿಗಳು ಪಕ್ಕಕ್ಕೆ ಬಿದ್ದಿದ್ದವು, ಒಂದು ಮಗುಚಿಕೊಂಡಿತ್ತು. ಮನೆಯಲ್ಲಿ ಇವಳ ಚಪ್ಪಲಿ ಹಾಗೆ ಬಿದ್ದಿದ್ದರೆ ಅಕ್ಕ ಬಿಡುವುದಿಲ್ಲ. ಕಾಲು ಚಾಚಿ, ಅಂಗೈ ಮೇಲಕ್ಕೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಎದುರಿನ ಗೋಡೆ ನೋಡುತ್ತಿದ್ದಳು. ಗೋಡೆಯ ಮೇಲೆ ಏನೂ ಇರಲಿಲ್ಲ. ದುಃಖದಲ್ಲಿದ್ದಾಳೆಯೇ ಎಂದು ನೋಡಿದಳು, ದುಃಖವೂ ಇರಲಿಲ್ಲ. ಆಮೇಲೆ ಗೊತ್ತಾಯಿತು, ಆ ಮುಖದಲ್ಲಿ ಇಲ್ಲದ್ದು ಯಾವುದು ಎಂಬುದು. ಮನೆಯಲ್ಲಿ ಅಕ್ಕ ಮಿಷನ್ ತುಳಿಯುತ್ತಿದ್ದರೂ, ಗಿರಾಕಿಯ ಜೊತೆ ನಗುತ್ತಿದ್ದರೂ, ನಿದ್ದೆಯಲ್ಲಿ ಕೂಡ, ಮುಖದ ಒಂದು ಬದಿ ಸದಾ ಇವಳ ಕಡೆಗೆ ಕಿವಿ ಕೊಟ್ಟಿರುತ್ತಿತ್ತು. ಇವಳು ಕೆಮ್ಮಿದರೆ, ತಟ್ಟೆ ಇಟ್ಟರೆ, ಸುಮ್ಮನಾದರೆ. ಅದೇ ಅಕ್ಕನ ಮುಖ ಎಂದುಕೊಂಡಿದ್ದಳು ಗುಂಡಿ. ಇಲ್ಲಿ ಆ ಕಿವಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ಇಬ್ಬರ ಪಾಲಿನ ಎಚ್ಚರವನ್ನು ಒಬ್ಬಳೇ ಹೊರುವುದನ್ನು ನಿಲ್ಲಿಸಿ ಕೂತಿದ್ದಳು. ಗಂಡಸೊಬ್ಬ ಇದ್ದಿದ್ದರೆ ಅವನ ಬೋಳುತಲೆಯನ್ನೋ ಕಾಲರನ್ನೋ ಹಿಡಿದು ದ್ವೇಷಿಸಬಹುದಿತ್ತು. ಖಾಲಿ ಗೋಡೆಯ ಜೊತೆ ಏನು ಜಗಳ? ಅಕ್ಕ ಇಷ್ಟು ದೂರ, ಇಷ್ಟು ಸುಳ್ಳು ಹೇಳಿ, ಗುರುತು ಹಾಕಿಕೊಂಡು ಬರುತ್ತಿದ್ದದ್ದು ಯಾರ ಹತ್ತಿರಕ್ಕೂ ಅಲ್ಲ, ತನ್ನಿಂದ ಆಚೆಗೆ.

ಬಾಯಿ ತೆರೆದಳು. ಅಕ್ಕಾ ಎಂದರೆ ಸಾಕು, ಆ ಮುಖ ತಿರುಗುತ್ತದೆ, ಕಿವಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಇಷ್ಟು ದೊಡ್ಡ ಶಕ್ತಿ ತನ್ನ ಕೈಯಲ್ಲಿರುವುದು ಅವಳಿಗೆ ಇಷ್ಟರವರೆಗೆ ತಿಳಿದಿರಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡು, ಹುಲ್ಲು ಸದ್ದಾಗದಂತೆ ಹಿಂದೆ ಹಿಂದೆ ನಡೆದು ಪಂಪುಮನೆಯ ಮುಂದಕ್ಕೆ ಬಂದಳು.

ಅಲ್ಲಿ ಒಂದು ಸಂಸಾರ ನಿಂತಿತ್ತು. ಚೆಂಡು, ಬುಟ್ಟಿ, ಹಾಸುವ ಜಮಖಾನೆ, ಅಳುವ ಮಗು, ಜೋರಾಗಿ ಕೇಳಿಸುವ ರೇಡಿಯೋ. "ಅಮ್ಮಾ, ಮ್ಯಾಪ್ ಇದೆಯಲ್ಲ ನಿಮ್ಮ ಹತ್ರ," ಎಂದಳು ಬುಟ್ಟಿ ಹಿಡಿದ ಹೆಂಗಸು, "ಈ ಕಡೆ ನೆರಳಿರೋ ಜಾಗ ಇದೆಯಾ? ಗಲಾಟೆ ಇಲ್ಲದ್ದು?"

"ಇಲ್ಲ" ಎಂದಳು ಗುಂಡಿ.

"ಇಲ್ಲೊಂದು ಕಾಲುದಾರಿ ಕಾಣುತ್ತಲ್ಲ?"

"ಅದು ಮುಚ್ಚಿದ್ದಾರೆ. ಹಿಂದೆ ಹಾವಿದೆ." ನಕ್ಷೆಯನ್ನು ಬಿಡಿಸಿ, ನೆಟ್ಟಗೆ ಹಿಡಿದು, ಕೆರೆಯ ಆಚೆ ದಂಡೆಯ ಮರಗಳ ಮೇಲೆ ಬೆರಳಿಟ್ಟಳು. "ಇಲ್ಲಿಗೆ ಹೋಗಿ. ಸೇತುವೆ ದಾಟಿ ಎಡಕ್ಕೆ. ಬಾತುಕೋಳಿನೂ ಇದೆ, ಮಗು ಸುಮ್ಮನಾಗುತ್ತೆ." ಇಷ್ಟುದ್ದ ಮಾತನ್ನು ಅವಳು ಗುರುತಿಲ್ಲದವರ ಹತ್ತಿರ ಯಾವತ್ತೂ ಆಡಿರಲಿಲ್ಲ. ಅವರು ನಂಬಿ ಹೋದರು. ಅವರು ಹೋದ ಮೇಲೆ ಸಂಶಯ ಶುರುವಾಯಿತು: ಇದನ್ನು 'ಅಕ್ಕನಿಗೋಸ್ಕರ' ಮಾಡಿದೆನೋ, ಅಥವಾ ಅಕ್ಕನ ಪಕ್ಕ ಯಾರೂ ಕೂರದಿರಲಿ ಎಂದೋ? ಎರಡಕ್ಕೂ ಒಂದೇ ದಾರಿ ಇತ್ತು. ಯಾವುದರಲ್ಲಿ ನಡೆದು ಬಂದಳೆಂದು ಅವಳಿಗೇ ಹೇಳಲಾಗಲಿಲ್ಲ.

ಅಕ್ಕ ಮನೆಗೆ ಬಂದಾಗ ಗುಂಡಿ ಸ್ಟೂಲಿನ ಮೇಲಿದ್ದಳು, ಕೋಟು ಮಡಿಲಿನಲ್ಲಿತ್ತು. ಅಕ್ಕ ಚೀಲವನ್ನು ಹಿಡಿದುಕೊಂಡೇ ನಿಂತಳು.

"ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಎಲ್ಲಿಗೆ ಹೋಗಿದ್ದೆ?"

ಇಸ್ತ್ರಿ ಅಂಗಡಿಯಾಕೆ. ಅವಳ ಪರದೆ ಎರಡೂ ಕಡೆಗೆ ಸರಿಯುತ್ತದೆ ಎಂಬುದನ್ನು ಮರೆತದ್ದು ತನ್ನದೇ ತಪ್ಪು. "ಎಲ್ಲೂ ಇಲ್ಲ."

"ನೋಡು, ನಂಗೆ ಸಿಟ್ಟು ಬರಿಸಬೇಡ. ಬೀಗ ಹಾಕಿದ್ದನ್ನ ನೋಡಿದವರಿದ್ದಾರೆ. ಎಷ್ಟು ದಿನದಿಂದ ನಡೀತಿದೆ ಇದು? ನಾನು ಅತ್ತ ಹೋದ ಕೂಡಲೇ ನೀನು ಇತ್ತ." ಅಕ್ಕನ ದನಿ ಸಣ್ಣದಾಯಿತು. "ಯಾರೇ ಅವನು?"

ಗುಂಡಿಗೆ ನಗು ಬರುವ ಹಾಗಾಗಿ, ಬರಲಿಲ್ಲ. ನಿನ್ನನ್ನು ನೋಡಿದೆ ಎಂದರೆ ಆ ಬೆಂಚು ಇವತ್ತಿಗೆ ಮುಗಿಯಿತು. ಯಾರೋ ಇದ್ದಾನೆ ಎಂದು ಅನುಮಾನಿಸಲು ಬಿಟ್ಟರೂ ಮುಗಿಯಿತು. ಅಕ್ಕ ಇನ್ನು ಪ್ರತಿ ಗುರುವಾರ ಇವಳನ್ನು ಕಾಯುತ್ತ ಇಲ್ಲೇ ಕೂರುತ್ತಾಳೆ. ಸೂಜಿಯನ್ನು ಕೋಟಿಗೆ ಚುಚ್ಚಿ ನಿಲ್ಲಿಸಿದಳು.

"ಪಾರ್ಕಿಗೆ ಹೋಗಿದ್ದೆ."

ಅಕ್ಕ ಚೀಲವನ್ನು ಎದೆಗೆ ಅವಚಿಕೊಂಡಳು. "ಯಾರ ಜೊತೆ?"

"ಒಬ್ಬಳೇ."

"ಒಬ್ಬಳೇ ಏನು ಮಾಡ್ದೆ?"

"ಕೂತಿದ್ದೆ."

"ಸುಮ್ಮನೆ?"

"ಸುಮ್ಮನೆ."

"ನನ್ನ ಕಿವಿಗೆ ಹೂವಿಡಬೇಡ ಕಣೇ. ಮನೆ ಬಿಟ್ಟು, ಅಷ್ಟು ದೂರ ಹೋಗಿ, ಒಬ್ಬಳೇ ಸುಮ್ಮನೆ ಯಾರೇ ಕೂರ್ತಾರೆ—"

ಮಾತು ಅಲ್ಲಿಗೇ ನಿಂತಿತು. ಅಕ್ಕ ತಾನಾಡಿದ್ದನ್ನು ಮತ್ತೊಮ್ಮೆ ಕೇಳಿಸಿಕೊಳ್ಳುತ್ತಿರುವವಳಂತೆ ನೆಲ ನೋಡುತ್ತ ನಿಂತಳು. ಗುಂಡಿ ತಲೆ ಎತ್ತಲಿಲ್ಲ. ಎತ್ತಿದರೆ ಕಣ್ಣಿನಲ್ಲಿ ಪಂಪುಮನೆ ಕಾಣಿಸಬಹುದು.

"ಯಾವ ಕಡೆ?" ಎಂದಳು ಅಕ್ಕ.

"ಬಲಗಡೆ ಮೂಲೆ. ಗಾಜಿನ ಮನೆ ಹತ್ರ."

ಅಕ್ಕನ ಉಸಿರು ಇಳಿದದ್ದು ಕೇಳಿಸಿತು. ಚೀಲವನ್ನು ಮೊಳೆಗೆ ಹಾಕಿದಳು, ಹಾಕಿ ಅದರ ಮೇಲೆ ಕೈ ಇಟ್ಟುಕೊಂಡೇ ಕೇಳಿದಳು, "ಅಲ್ಲಿ ಯಾರೂ ಬರಲ್ವಾ?"

"ಒಬ್ಬ ಬರ್ತಾನೆ. ಹೆಂಡ್ತಿಗೆ ಹೆದರಿ ಸಿಗರೇಟು ಸೇದೋಕೆ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಒಳಗೆ ಹೋದಳು, ಪಾತ್ರೆ ಸದ್ದು ಮಾಡಿದಳು, ನಲ್ಲಿ ತಿರುಗಿಸಿ ನಿಲ್ಲಿಸಿದಳು. ಆಮೇಲೆ ಗೋಡೆಯಾಚೆಯಿಂದ ಹೇಳಿದಳು, "ಬರೋ ವಾರ ನಾನು ಲೈನಿಂಗ್‌ಗೆ ಹೋಗ್ಬೇಕು. ಬೇಕಾದ್ರೆ ನೀನೂ ನಿನ್ನ ಕಡೆಗೆ ಹೋಗಿ ಬಾ. ಬೀಗದ ಕೈ ಮಾತ್ರ ಆ ಇಸ್ತ್ರಿಯವಳ ಹತ್ರ ಕೊಡಬೇಡ."

"ಇರೋದು ಒಂದೇ ಬೀಗದ ಕೈ ಅಲ್ವಾ? ನೀನು ಮೊದಲು ಬಂದ್ರೆ?"

ಗುಂಡಿ ಯಾವಾಗಲೂ ಮನೆಯಲ್ಲೇ ಇರುತ್ತಿದ್ದುದರಿಂದ ಆ ಪ್ರಶ್ನೆ ಇಷ್ಟು ವರ್ಷ ಯಾರಿಗೂ ಬಂದಿರಲಿಲ್ಲ. ಅಕ್ಕ ಅಲ್ಲಿ ಯಾವ ಮುಖ ಹೊತ್ತು ನಿಂತಿದ್ದಾಳೆ, ಎಷ್ಟು ಗೊತ್ತಾಗಿದೆ ಅವಳಿಗೆ ಎಂದು ಗುಂಡಿ ಕಿವಿಗೊಟ್ಟಳು.

"ಇನ್ನೊಂದು ಮಾಡಿಸೋಣ" ಎಂದಳು ಅಕ್ಕ.